ಪೆನ್ನು ಯಾರ ಕೈಯಲ್ಲಿದೆ? ಗಣಿತದ ತರಗತಿಯಲ್ಲಿ ಟ್ಯಾಬ್ಲೆಟ್

ಪ್ರಶ್ನೆ: ಪದವಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಮೊದಲ ವರ್ಷದ ತರಗತಿಯಲ್ಲಿ 60 ವಿದ್ಯಾರ್ಥಿಗಳಿದ್ದಾರೆ. ಕಲನಶಾಸ್ತ್ರ ಮತ್ತು ರೇಖೀಯ ಬೀಜಗಣಿತ ನನ್ನ ಪಾಲಿಗೆ ಬಂದಿವೆ. ಮುಂದಿನ ಸೆಮಿಸ್ಟರ್‌ನಿಂದ ತರಗತಿಗೆ ಪೆನ್ನುಗಳ ಸಮೇತ 30 ಟ್ಯಾಬ್ಲೆಟ್‌ಗಳನ್ನು ಕೊಡುವುದಾಗಿ ಆಡಳಿತ ಮಂಡಳಿ ಹೇಳಿದೆ. ಈ ಸಲ ನಾನೊಬ್ಬನೇ ಒಂದು ಟ್ಯಾಬ್ಲೆಟ್ ಹಿಡಿದು, ತಿಂಗಳ ಕಾಲ ಪ್ರೊಜೆಕ್ಟರ್ ಮೂಲಕ ಪಾಠ ಮಾಡಿ ನೋಡಿದೆ. ಗ್ರಾಫ್‌ಗಳು ಓಡಾಡುವುದನ್ನು ಕಂಡು ವಿದ್ಯಾರ್ಥಿಗಳು ಖುಷಿಪಟ್ಟರು. ಆದರೆ ಕಿರುಪರೀಕ್ಷೆಯ ಅಂಕಗಳು ಇದ್ದಲ್ಲೇ ಇದ್ದವು. ‘ಗಣಿತಕ್ಕೆ ಕರಿಹಲಗೆ, ಸೀಮೆಸುಣ್ಣ ಸಾಕು’ ಎಂದು ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ. ಟ್ಯಾಬ್ಲೆಟ್‌ನಿಂದ ಕಲಿಕೆಗೆ ನಿಜವಾಗಿ ಉಪಯೋಗವಿದೆಯೇ? ಇದ್ದರೆ ಈ 30ನ್ನು 60 ಜನರ ತರಗತಿಯಲ್ಲಿ ಹೇಗೆ ಬಳಸಬೇಕು?

ಉತ್ತರ: ಅಂಕಗಳು ಇದ್ದಲ್ಲೇ ಇದ್ದವು ಎಂಬ ನಿಮ್ಮ ಮಾತಿನಿಂದಲೇ ಶುರುಮಾಡುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅದರಲ್ಲಿದೆ. ಆ ಒಂದು ತಿಂಗಳು ತರಗತಿಯಲ್ಲಿ ಪೆನ್ನು ಹಿಡಿದವರು ನೀವೊಬ್ಬರೇ. ಹಲಗೆಯ ಮೇಲೆ ಬರೆಯುತ್ತಿದ್ದುದನ್ನು ಗಾಜಿನ ಮೇಲೆ ಬರೆದಿರಿ, ವಿದ್ಯಾರ್ಥಿಗಳು ಮೊದಲು ನೋಡುತ್ತಿದ್ದಂತೆಯೇ ನೋಡಿದರು. ಚಿತ್ರ ಚೆಂದವಾಯಿತು, ಕೆಲಸ ಹಂಚಿಕೆಯಾಗಲಿಲ್ಲ. ಹಾಗಿರುವಾಗ ಅಂಕ ಬದಲಾಗಿದ್ದರೇ ನನಗೆ ಆಶ್ಚರ್ಯವಾಗುತ್ತಿತ್ತು.

ಟ್ಯಾಬ್ಲೆಟ್‌ಗೆ ಗಣಿತದ ತರಗತಿಯಲ್ಲಿ ಇರುವ ಬೆಲೆ, ನನ್ನ ಅನುಭವದಲ್ಲಿ, ಒಂದೇ: ವಿದ್ಯಾರ್ಥಿ ಲೆಕ್ಕ ಮಾಡುತ್ತಿರುವಾಗಲೇ, ಅದು ಇನ್ನೂ ಅರ್ಧಕ್ಕೆ ನಿಂತಿರುವಾಗಲೇ, ಅವನ ಕೈಬರಹ ನಿಮ್ಮ ಕಣ್ಣಿಗೆ ಬೀಳುತ್ತದೆ. ಉತ್ತರ ಪತ್ರಿಕೆಯಲ್ಲಿ ಮೂರು ವಾರ ತಡವಾಗಿ ಕಾಣುವ ತಪ್ಪು ಮೂರನೆಯ ನಿಮಿಷದಲ್ಲೇ ಕಾಣುತ್ತದೆ. ಉಳಿದ ಉಪಯೋಗಗಳೆಲ್ಲ ಇದರ ಹಿಂದೆ ಬರುವಂಥವು.

ಮಾತು ಗಾಳಿಯಲ್ಲಿ ನಿಲ್ಲದಿರಲಿ ಎಂದು ನನ್ನ ತರಗತಿಯಲ್ಲಿ ನಡೆದ ಒಂದು ಲೆಕ್ಕವನ್ನು ಹೇಳುತ್ತೇನೆ. ನಿಶ್ಚಿತ ಇಂಟಿಗ್ರಲ್ (ಎರಡು ಮಿತಿಗಳ ನಡುವೆ ಗ್ರಾಫ್‌ನ ಕೆಳಗಿರುವ ವಿಸ್ತೀರ್ಣ) ಮುಗಿಸಿದ್ದೆ. ಮರುದಿನ ಇಬ್ಬಿಬ್ಬರಿಗೆ ಒಂದೊಂದು ಟ್ಯಾಬ್ಲೆಟ್ ಕೊಟ್ಟು ಒಂದೇ ಒಂದು ಲೆಕ್ಕ ಕಳಿಸಿದೆ: 1/ಎಕ್ಸ್² ಎಂಬ ಫಂಕ್ಷನ್ನನ್ನು −1ರಿಂದ 1ರವರೆಗೆ ಇಂಟಿಗ್ರೇಟ್ ಮಾಡಿ. ಗಡುವು ಮೂರು ನಿಮಿಷ. ನನ್ನ ಪರದೆಯ ಮೇಲೆ ಎಲ್ಲ ಜೋಡಿಗಳ ಪುಟಗಳೂ ಅಂಚೆಚೀಟಿಗಳ ಹಾಗೆ ಸಾಲಾಗಿ ಕಾಣುತ್ತಿದ್ದವು. ಸೂತ್ರ ಎಲ್ಲರಿಗೂ ಬಾಯಿಪಾಠ. −1/ಎಕ್ಸ್ ಎಂದು ಬರೆದರು, ಮೇಲಿನ ಮಿತಿ ಹಾಕಿ −1 ತೆಗೆದರು, ಕೆಳಗಿನ ಮಿತಿ ಹಾಕಿ 1 ತೆಗೆದರು, ಕಳೆದರು, −2 ಎಂದು ಬರೆದು ಚೌಕ ಹಾಕಿದರು. ಒಂದರ ಹಿಂದೆ ಒಂದು ಪುಟದಲ್ಲಿ ಅದೇ ಚೌಕ, ಅದೇ −2.

ಈ ಫಂಕ್ಷನ್ ಎಲ್ಲೆಲ್ಲಿ ಬೆಲೆ ಪಡೆಯುತ್ತದೋ ಅಲ್ಲೆಲ್ಲ ಧನಾತ್ಮಕ. ಅದರ ಕೆಳಗಿನ ವಿಸ್ತೀರ್ಣ ಋಣಾತ್ಮಕವಾಗುವುದು ಸಾಧ್ಯವೇ ಇಲ್ಲ. ಸೊನ್ನೆಯಲ್ಲಿ ಫಂಕ್ಷನ್ ಆಕಾಶಕ್ಕೆ ಏರಿಬಿಡುವುದರಿಂದ ಆ ಸೂತ್ರವನ್ನು ಅಲ್ಲಿ ಹಾಕುವ ಹಾಗೆಯೇ ಇಲ್ಲ. ಇದು ಹಳೆಯ ಲೆಕ್ಕ, ಪಾಠ ಮಾಡುವವರಿಗೆಲ್ಲ ಗೊತ್ತಿರುವ ಹೊಂಡ. ಆದರೆ ನನಗೆ ಗೊತ್ತಿಲ್ಲದಿದ್ದ ಸಂಗತಿ ಎರಡು ಪುಟಗಳಲ್ಲಿ ಕಂಡಿತು. ಒಂದು ಜೋಡಿ −2 ಬರೆದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಮೈನಸ್ ಚಿಹ್ನೆಯನ್ನು ಮಾತ್ರ ಅಳಿಸಿ 2 ಎಂದು ಮಾಡಿತು. ವಿಸ್ತೀರ್ಣ ಋಣವಾಗದು ಎಂಬುದು ಅವರಿಗೆ ಹೊಳೆದಿತ್ತು. ತಪ್ಪು ಚಿಹ್ನೆಯಲ್ಲಿದೆ ಎಂದುಕೊಂಡರು, ದಾರಿಯಲ್ಲೇ ಇದೆ ಎಂದು ಅನುಮಾನಿಸಲಿಲ್ಲ. ಇನ್ನೊಂದು ಜೋಡಿ ಲೆಕ್ಕವನ್ನೇ ಮುಗಿಸಿರಲಿಲ್ಲ. ಪುಟದ ಮೂಲೆಯಲ್ಲಿ ಪುಟ್ಟ ಗ್ರಾಫ್ ಗೀಚಿ, ಸೊನ್ನೆಯ ಹತ್ತಿರ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕುಳಿತಿತ್ತು.

ಕರಿಹಲಗೆಯ ಮುಂದೆ ನಿಂತು ‘ಅರ್ಥವಾಯಿತೇ?’ ಎಂದು ಕೇಳಿದ್ದರೆ ಅರವತ್ತು ತಲೆಗಳೂ ಆಡುತ್ತಿದ್ದವು. ‘ಉತ್ತರ ಎಷ್ಟು?’ ಎಂದು ಕೇಳಿದ್ದರೆ ಮುಂದಿನ ಸಾಲಿನಿಂದ −2 ಎಂದು ಒಂದು ದನಿ ಬರುತ್ತಿತ್ತು. ಚಿಹ್ನೆ ಅಳಿಸಿದ ಆ ಜೋಡಿ ನನಗೆ ಯಾವತ್ತೂ ಸಿಗುತ್ತಿರಲಿಲ್ಲ. ಪ್ರಶ್ನಾರ್ಥಕ ಚಿಹ್ನೆಯ ಜೋಡಿಯಂತೂ ಉತ್ತರವೇ ಬರೆಯದ ಕಾರಣ ಪರೀಕ್ಷೆಯಲ್ಲಿ ಸೊನ್ನೆ ಪಡೆಯುತ್ತಿತ್ತು. ತರಗತಿಯಲ್ಲಿ ಸರಿಯಾಗಿ ಯೋಚಿಸುತ್ತಿದ್ದವರು ಅವರೇ.

ಆಗ ಮೂರು ಪುಟಗಳನ್ನು ಹೆಸರಿಲ್ಲದೆ ಪಕ್ಕಪಕ್ಕದಲ್ಲಿ ದೊಡ್ಡ ಪರದೆಗೆ ಹಾಕಿದೆ: ಚೌಕದೊಳಗಿನ −2, ಚಿಹ್ನೆ ಅಳಿಸಿದ 2, ಮತ್ತು ಆ ಪ್ರಶ್ನಾರ್ಥಕ. ಯಾವುದು ಸರಿ ಎಂದು ನಾನು ಹೇಳಲಿಲ್ಲ. ‘ನಿಮ್ಮ ಪಕ್ಕದವರನ್ನು ಒಪ್ಪಿಸಿ’ ಎಂದೆ. ಗದ್ದಲ ಐದು ನಿಮಿಷ ನಡೆಯಿತು. ಆಮೇಲೆ ಸೊನ್ನೆಯನ್ನು ಬಿಟ್ಟು, 0.1ರಿಂದ 1ರವರೆಗೆ ಲೆಕ್ಕ ಹಾಕಲು ಹೇಳಿದೆ. 9 ಬಂತು. 0.01ರಿಂದ ಹಾಕಿದರೆ 99. 0.001ರಿಂದ 999. ಮೂರನೆಯ ಸಂಖ್ಯೆ ಬರೆಯುವಾಗಲೇ ಹಿಂದಿನ ಬೆಂಚಿನಿಂದ ‘ಇದಕ್ಕೆ ಕೊನೆಯೇ ಇಲ್ಲ ಸರ್’ ಎಂಬ ಮಾತು ಬಂತು. ಇಂಪ್ರಾಪರ್ ಇಂಟಿಗ್ರಲ್ (ಫಂಕ್ಷನ್ ಅಥವಾ ಮಿತಿ ಅನಂತಕ್ಕೆ ಹೋಗುವ ಇಂಟಿಗ್ರಲ್) ಎಂಬ ಪದವನ್ನು ನಾನು ಅದಾದ ಮೇಲೆ ಹಲಗೆಯ ಮೇಲೆ ಬರೆದೆ. ಹೆಸರು ಬರುವ ಮೊದಲೇ ಅದರ ಅಗತ್ಯ ಅವರಿಗೆ ಗೊತ್ತಾಗಿತ್ತು.

ಇಲ್ಲಿ ಕೆಲಸ ಮಾಡಿದ್ದು ಟ್ಯಾಬ್ಲೆಟ್ಟೇ ಎಂದು ನಾನು ವಾದಿಸುವುದಿಲ್ಲ. ವಿದ್ಯಾರ್ಥಿ ತಾನೇ ಮಾಡಬೇಕು, ತಪ್ಪಬೇಕು, ಪಕ್ಕದವನೊಂದಿಗೆ ವಾದಿಸಬೇಕು ಎಂಬ ತಿಳಿವಳಿಕೆ ಯಂತ್ರಕ್ಕಿಂತ ಹಳೆಯದು. ಹಾರ್ವರ್ಡ್‌ನ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ತಮ್ಮ ಉಪನ್ಯಾಸವನ್ನು ಮಧ್ಯೆ ಮಧ್ಯೆ ನಿಲ್ಲಿಸಿ, ಒಂದು ಪ್ರಶ್ನೆ ಕೊಟ್ಟು, ವಿದ್ಯಾರ್ಥಿಗಳು ಪರಸ್ಪರ ಚರ್ಚಿಸುವಂತೆ ಮಾಡಿದರು. ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಪದವಿ ತರಗತಿಗಳ ಮೇಲಿನ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು: ಬರೀ ಉಪನ್ಯಾಸ ಕೇಳುವ ತರಗತಿಗಳಲ್ಲಿ ಅನುತ್ತೀರ್ಣರಾದವರು ಸುಮಾರು ಶೇ 34, ವಿದ್ಯಾರ್ಥಿಗಳನ್ನು ಕೆಲಸಕ್ಕೆ ಹಚ್ಚಿದ ತರಗತಿಗಳಲ್ಲಿ ಸುಮಾರು ಶೇ 22. ಅದು ಕಲಿಸುವ ರೀತಿಯ ಫಲವೇ ಹೊರತು ಯಾವುದೋ ಉಪಕರಣದ ಫಲವಲ್ಲ. ನಿಮ್ಮ ಸಹೋದ್ಯೋಗಿಗಳು ‘ಯಂತ್ರದಿಂದ ಗಣಿತ ಬರುವುದಿಲ್ಲ’ ಎಂದರೆ ಅಷ್ಟರಮಟ್ಟಿಗೆ ಅವರ ಮಾತು ಸರಿ, ಒಪ್ಪಿಕೊಳ್ಳಿ.

ಹಾಗಾದರೆ ಗುಂಡಿ ಒತ್ತಿ ಎ, ಬಿ, ಸಿ, ಡಿ ಆರಿಸುವ ಕ್ಲಿಕರ್ ಸಾಲದೇ? ಅನೇಕ ವಿಷಯಗಳಿಗೆ ಸಾಕು, ಗಣಿತಕ್ಕೆ ಸಾಲದು. ಗಣಿತದಲ್ಲಿ ದಾರಿಯೇ ಉತ್ತರ. ಮೇಲಿನ ಲೆಕ್ಕವನ್ನು ಬಹು ಆಯ್ಕೆಯ ಪ್ರಶ್ನೆಯಾಗಿ ಕೊಟ್ಟಿದ್ದರೆ, 2 ಎಂದು ಆರಿಸಿದವರು ಏಕೆ ಆರಿಸಿದರು ಎಂಬುದು ನನಗೆ ತಿಳಿಯುತ್ತಿರಲಿಲ್ಲ. ಅಳಿಸಿದ ಮೈನಸ್ ಗುರುತೇ ನನಗೆ ಎಲ್ಲವನ್ನೂ ಹೇಳಿತು. ಪೆನ್ನಿನಿಂದ ಬರೆಯುವ ಟ್ಯಾಬ್ಲೆಟ್ ಕಂಪ್ಯೂಟರ್‌ಗಳು 2002ರ ಕೊನೆಗೆ ಮಾರುಕಟ್ಟೆಗೆ ಬಂದ ಆಸುಪಾಸಿನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ‘ಕ್ಲಾಸ್‌ರೂಮ್ ಪ್ರೆಸೆಂಟರ್’ ಎಂಬ ತಂತ್ರಾಂಶ ಮಾಡಿದರು. ವಿದ್ಯಾರ್ಥಿ ತನ್ನ ಪರದೆಯ ಮೇಲೆ ಗೀಚಿದ್ದು ಅಧ್ಯಾಪಕರ ಪರದೆಗೆ ಬರುವಂತೆ, ಅದರಲ್ಲಿ ಬೇಕಾದ್ದನ್ನು ಅವರು ತರಗತಿಗೆ ತೋರಿಸುವಂತೆ ಅದನ್ನು ರೂಪಿಸಿದ್ದರು. ಇವತ್ತು ಇದೇ ಕೆಲಸ ಮಾಡುವ ಆ್ಯಪ್‌ಗಳು ಬೇಕಾದಷ್ಟಿವೆ. ಯಾವುದನ್ನಾದರೂ ಆರಿಸಿ. ನಾನು ನೋಡುವುದು ಎರಡೇ ಅಂಶ: ಎಲ್ಲ ಪುಟಗಳೂ ಒಟ್ಟಿಗೆ ಕಾಣಬೇಕು, ಹೆಸರುಗಳನ್ನು ಮರೆಮಾಡುವಂತಿರಬೇಕು.

ಹೆಸರು ಮರೆಮಾಡುವ ಮಾತನ್ನು ಸುಮ್ಮನೆ ಹೇಳುತ್ತಿಲ್ಲ. ಮೊದಲ ವರ್ಷ ನಾನು ಅದರ ಕಡೆ ಗಮನ ಕೊಟ್ಟಿರಲಿಲ್ಲ. ಒಬ್ಬ ಹುಡುಗಿಯ ಪುಟವನ್ನು ದೊಡ್ಡ ಪರದೆಗೆ ಹಾಕಿದಾಗ ಮೂಲೆಯಲ್ಲಿ ಅವಳ ಹೆಸರೂ ಹೋಯಿತು. ಭಿನ್ನರಾಶಿಯಲ್ಲಿ ಮೇಲಿನ ಒಂದು ಪದವನ್ನು ಕೆಳಗಿನ ಒಂದು ಪದದೊಂದಿಗೆ ಹೊಡೆದುಹಾಕಿದ್ದಳು, ಬಹಳ ಜನ ಮಾಡುವ ತಪ್ಪು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಎರಡು ವಾರ ಅವಳ ಪುಟ ಖಾಲಿಯಾಗಿಯೇ ಬರುತ್ತಿತ್ತು. ಅವಳನ್ನು ಕರೆದು ಮಾತಾಡಿ, ಕ್ಷಮೆ ಕೇಳಿ, ಮತ್ತೆ ಬರೆಯುವಂತೆ ಮಾಡುವುದಕ್ಕೆ ನನಗೆ ಸೆಮಿಸ್ಟರ್‌ನ ಅರ್ಧ ಬೇಕಾಯಿತು. ತಪ್ಪನ್ನು ತೋರಿಸುವುದೇ ಈ ವಿಧಾನದ ಜೀವಾಳ. ಆದ್ದರಿಂದಲೇ ತಪ್ಪು ಮಾಡಿದವರ ಮಾನ ಕಾಯುವುದು ನಿಮ್ಮ ಮೊದಲ ಹೊಣೆ. ತಪ್ಪು ಪುಟವನ್ನು ಹಾಕುವಾಗ ‘ಇಲ್ಲಿ ಒಂದು ಒಳ್ಳೆಯ ಯೋಚನೆ ಇದೆ, ಎಲ್ಲಿಯವರೆಗೆ ಸರಿಯಾಗಿ ಬಂದಿದೆ ನೋಡೋಣ’ ಎಂದು ಶುರುಮಾಡಿ. ಬಹುಪಾಲು ಸಲ ಅದು ನಿಜವೂ ಆಗಿರುತ್ತದೆ.

ಇನ್ನು ನಿಮ್ಮ 30 ಮತ್ತು 60ರ ಲೆಕ್ಕ. ಇನ್ನೂ 30 ಕೇಳಬೇಡಿ. ಇಬ್ಬರಿಗೆ ಒಂದು ಎಂಬುದು ಕೊರತೆಯಲ್ಲ, ಅನುಕೂಲ. ಒಂದೇ ಪೆನ್ನು ಇದ್ದಾಗ ಇಬ್ಬರೂ ಮಾತಾಡಲೇಬೇಕು. ಆದರೆ ಒಂದು ನಿಯಮ ಮಾಡಿ: ಪೆನ್ನು ಇಲ್ಲದವನು ಹೇಳಬೇಕು, ಪೆನ್ನು ಇದ್ದವನು ಬರೆಯಬೇಕು, ಲೆಕ್ಕಕ್ಕೊಮ್ಮೆ ಪೆನ್ನು ಕೈ ಬದಲಾಗಬೇಕು. ಈ ನಿಯಮ ಇಲ್ಲದಿದ್ದರೆ ಚುರುಕಾದವನು ಪೆನ್ನು ಹಿಡಿದು ಎಲ್ಲವನ್ನೂ ಮುಗಿಸುತ್ತಾನೆ, ಪಕ್ಕದವನು ಸಿನಿಮಾ ನೋಡಿದಂತೆ ನೋಡುತ್ತಾನೆ. ಅಲ್ಲಿಗೆ ನಿಮ್ಮ ಹಳೆಯ ತರಗತಿಯೇ ಚಿಕ್ಕದಾಗಿ ಮೂವತ್ತು ಕಡೆ ನಡೆದಂತಾಯಿತು.

ಪೆನ್ನಿನ ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ. ವರ್ಗಮೂಲದ ಒಳಗೆ ಭಿನ್ನರಾಶಿ, ಅದರ ಛೇದದಲ್ಲಿ ಪಾದಾಂಕವಿರುವ ಒಂದು ಅಕ್ಷರ: ಇದನ್ನು ಕೀಲಿಮಣೆಯಲ್ಲಿ ಹೊಡೆಯಲು ಹೋದರೆ ಯೋಚನೆ ಅರ್ಧ ದಾರಿಯಲ್ಲೇ ಆರಿಹೋಗುತ್ತದೆ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ರೂಪಿಸಿದ ‘ಟೆಕ್’ ಎಂಬ ತಂತ್ರಾಂಶ ಗಣಿತವನ್ನು ಅಚ್ಚುಕಟ್ಟಾಗಿ ಮುದ್ರಿಸುವುದಕ್ಕೆ ಅದ್ಭುತ ಸಾಧನ. ಆದರೆ ಅದು ಯೋಚಿಸಿ ಮುಗಿಸಿದ್ದನ್ನು ಬರೆಯುವುದಕ್ಕೆ, ಯೋಚಿಸುತ್ತ ಗೀಚುವುದಕ್ಕಲ್ಲ. ಬೆರಳಿನಿಂದ ಬರೆದರೆ ಎರಡು ಸಾಲಿಗೆ ಪುಟ ತುಂಬುತ್ತದೆ. ಸಾಧನಗಳನ್ನು ಖರೀದಿಸುವ ಮೊದಲು ಒಂದನ್ನು ತರಿಸಿಕೊಂಡು, ಅಂಗೈಯನ್ನು ಪರದೆಗೆ ಒರಗಿಸಿ, ನಾನು ಮೇಲೆ ಹೇಳಿದ ವರ್ಗಮೂಲವನ್ನೇ ಬರೆದು ನೋಡಿ. ಅಂಗೈ ತಗಲಿದಲ್ಲಿ ಗೀರು ಬೀಳಬಾರದು, ಗೆರೆ ಪೆನ್ನಿನ ತುದಿಗೆ ಅಂಟಿಕೊಂಡೇ ಬರಬೇಕು. ಎಡಗೈಯಲ್ಲಿ ಬರೆಯುವವರಿಂದಲೂ ಬರೆಸಿ. ಒಳ್ಳೆಯ ಪೆನ್ನು ಸಿಗದೇ ಹೋದರೆ ಟ್ಯಾಬ್ಲೆಟ್ಟಿನ ಮೇಲೆ ಬರೆಸುವುದನ್ನೇ ಬಿಟ್ಟು, ಕಾಗದದ ಮೇಲೆ ಬರೆಸಿ, ಅದರ ಕ್ಯಾಮೆರಾದಿಂದ ಫೋಟೋ ತೆಗೆದು ಕಳಿಸಲು ಹೇಳಿ. ಅರ್ಧ ಲೆಕ್ಕ ಕಾಣುವುದಿಲ್ಲ ಎನ್ನುವ ಒಂದು ನಷ್ಟ ಬಿಟ್ಟರೆ ಉಳಿದದ್ದೆಲ್ಲ ನಡೆಯುತ್ತದೆ.

ಗ್ರಾಫ್ ತೋರಿಸುವ ಆ್ಯಪ್‌ಗಳಿಗೆ ಬರೋಣ. ಮಾರ್ಕುಸ್ ಹೋಹೆನ್‌ವಾರ್ಟರ್ ಆಸ್ಟ್ರಿಯಾದಲ್ಲಿ ವಿದ್ಯಾರ್ಥಿಯಾಗಿದ್ದಾಗ 2001ರಲ್ಲಿ ಶುರುಮಾಡಿದ ಜಿಯೋಜೀಬ್ರಾ, 2011ರಲ್ಲಿ ಬಂದ ಡೆಸ್ಮೋಸ್, ಎರಡೂ ಒಳ್ಳೆಯವು, ಎರಡೂ ಉಚಿತವಾಗಿ ಸಿಗುತ್ತವೆ. ಆದರೆ ಅವುಗಳನ್ನು ನೀವು ಓಡಿಸಿ ತೋರಿಸುವುದಕ್ಕೂ ವಿದ್ಯಾರ್ಥಿಗಳೇ ಎಳೆದು ನೋಡುವುದಕ್ಕೂ ಬಹಳ ಅಂತರವಿದೆ. ರೇಖೀಯ ಬೀಜಗಣಿತದಲ್ಲಿ ಐಗನ್ ವೆಕ್ಟರ್ (ಮ್ಯಾಟ್ರಿಕ್ಸ್ ಹಾಕಿದರೂ ತನ್ನ ಗೆರೆ ಬಿಡದ ಬಾಣ) ಪಾಠಕ್ಕೆ ನಾನು ಮಾಡುವುದು ಹೀಗೆ. ಮೊದಲ ಸಾಲಿನಲ್ಲಿ 2, 1, ಎರಡನೆಯ ಸಾಲಿನಲ್ಲಿ 1, 2 ಇರುವ ಮ್ಯಾಟ್ರಿಕ್ಸ್ ಕೊಡುತ್ತೇನೆ. ಪರದೆಯ ಮೇಲೆ ಎರಡು ಬಾಣಗಳಿರುತ್ತವೆ: ವಿದ್ಯಾರ್ಥಿ ಎಳೆಯಬಹುದಾದ ಒಂದು ವೆಕ್ಟರ್, ಮ್ಯಾಟ್ರಿಕ್ಸ್ ಅದನ್ನು ಎಲ್ಲಿಗೆ ಕಳಿಸುತ್ತದೆ ಎಂದು ತೋರಿಸುವ ಇನ್ನೊಂದು. ‘ಎರಡೂ ಬಾಣಗಳು ಒಂದೇ ಗೆರೆಯ ಮೇಲೆ ಬರುವ ಜಾಗ ಹುಡುಕಿ’ ಎನ್ನುತ್ತೇನೆ, ಅಷ್ಟೇ. ಎಳೆಯುತ್ತಾರೆ, ಒಂದು ಬಾಣ ಇನ್ನೊಂದಕ್ಕಿಂತ ಮುಂದೆ ಹೋಗುತ್ತದೆ, ಹಿಂದೆ ಉಳಿಯುತ್ತದೆ, ನಲವತ್ತೈದು ಡಿಗ್ರಿಯಲ್ಲಿ ಎರಡೂ ಕೂಡುತ್ತವೆ. ಅಲ್ಲಿ ಎರಡನೆಯ ಬಾಣ ಮೊದಲನೆಯದರ ಮೂರರಷ್ಟು. ಇನ್ನೂ ತಿರುಗಿಸಿದರೆ ಇನ್ನೊಂದು ಜಾಗ. ಅಲ್ಲಿ ಎರಡೂ ಸರಿಸಮ, ಮ್ಯಾಟ್ರಿಕ್ಸ್ ಏನೂ ಮಾಡಿಯೇ ಇಲ್ಲವೇನೋ ಎಂಬಂತೆ. 3 ಮತ್ತು 1 ಎಂಬ ಐಗನ್ ಮೌಲ್ಯಗಳನ್ನು, ಅಂದರೆ ಬಾಣ ಎಷ್ಟು ಪಟ್ಟಾಗುತ್ತದೆ ಎಂಬ ಸಂಖ್ಯೆಗಳನ್ನು, ಅವರು ಸಮೀಕರಣ ಬಿಡಿಸುವ ಮೊದಲೇ ಬೆರಳಿನಲ್ಲಿ ಹಿಡಿದಿರುತ್ತಾರೆ. ಆಮೇಲೆ ಮಾತಿಲ್ಲದೆ ಮ್ಯಾಟ್ರಿಕ್ಸ್ ಬದಲಾಯಿಸುತ್ತೇನೆ: ತೊಂಬತ್ತು ಡಿಗ್ರಿ ತಿರುಗಿಸುವ ಮ್ಯಾಟ್ರಿಕ್ಸ್. ಮತ್ತೆ ಎಳೆಯುತ್ತಾರೆ. ಒಂದು ಸುತ್ತು, ಎರಡು ಸುತ್ತು. ಬಾಣಗಳು ಕೂಡುವುದೇ ಇಲ್ಲ. ‘ಆ್ಯಪ್ ಕೆಟ್ಟಿದೆ’ ಎಂದು ಮೊದಲು ದೂರು ಬರುತ್ತದೆ, ಆಮೇಲೆ ‘ಇಲ್ಲವೇ ಇಲ್ಲ’ ಎಂಬ ಗುಸುಗುಸು. ಕಾಲ್ಪನಿಕ ಸಂಖ್ಯೆಗಳ ಬಾಗಿಲು ತೆರೆಯಲು ಇದಕ್ಕಿಂತ ಒಳ್ಳೆಯ ಗಳಿಗೆ ನನಗೆ ಸಿಕ್ಕಿಲ್ಲ.

ಒಂದು ಪದ್ಧತಿಯನ್ನು ಮಾತ್ರ ಬಿಡಬೇಡಿ. ಎಳೆಯುವ ಮೊದಲು, ಏನಾಗುತ್ತದೆ ಎಂದು ಪೆನ್ನಿನಿಂದ ಗೀಚಿ ತೋರಿಸಲಿ. ಊಹೆ ಬರೆಯದೆ ಗ್ರಾಫ್ ನೋಡಿದವರಿಗೆ ಕಂಡದ್ದೆಲ್ಲ ‘ಹೌದು, ಗೊತ್ತಿತ್ತು’ ಅನ್ನಿಸಿಬಿಡುತ್ತದೆ. ಇನ್ನೊಂದು ಎಚ್ಚರಿಕೆ: ಪರದೆ ಸುಳ್ಳು ಹೇಳುತ್ತದೆ. (ಎಕ್ಸ್² − 1)/(ಎಕ್ಸ್ − 1) ಎಂಬುದರ ಗ್ರಾಫ್ ಹಾಕಿಸಿ ನೋಡಿ. ಅಖಂಡ ಸರಳರೇಖೆಯಂತೆ ಕಾಣುತ್ತದೆ. ಎಕ್ಸ್ 1 ಆದಲ್ಲಿ ಇರುವ ತೂತು ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಒಂದು ಬಿಂದುವಿಗೆ ಅಗಲವೇ ಇಲ್ಲ. 1/ಎಕ್ಸ್‌ನ ಸೈನ್, ಅಂದರೆ sin(1/ಎಕ್ಸ್), ಹಾಕಿಸಿದರೆ ಸೊನ್ನೆಯ ಹತ್ತಿರ ಶಾಯಿ ಚೆಲ್ಲಿದಂತೆ ಒಂದು ಕಪ್ಪು ಪಟ್ಟಿ. ಎಷ್ಟು ಹಿಗ್ಗಿಸಿದರೂ ಪಟ್ಟಿಯೇ. ಈ ಸುಳ್ಳುಗಳನ್ನು ಮುಚ್ಚಿಡಬೇಡಿ, ಪಾಠ ಮಾಡಿ. ಲಿಮಿಟ್‌ನ ವ್ಯಾಖ್ಯೆ ಯಾಕೆ ಬೇಕು ಎಂದು ಕೇಳುವ ವಿದ್ಯಾರ್ಥಿಗೆ, ಕಣ್ಣು ಸೋಲುವ ಜಾಗವನ್ನು ತೋರಿಸುವುದೇ ಉತ್ತರ.

ಗಮನ ಚೆದುರುವ ಭಯವೂ ನಿಮ್ಮ ಸಹೋದ್ಯೋಗಿಗಳಿಗೆ ಇದ್ದೀತು, ಅದು ಬರೀ ಭಯವಲ್ಲ. ಪಾಠದ ನಡುವೆ ಲ್ಯಾಪ್‌ಟಾಪ್‌ನಲ್ಲಿ ಬೇರೆ ಕೆಲಸ ಮಾಡುವವರ ಕಲಿಕೆ ಮಾತ್ರವಲ್ಲ, ಆ ಪರದೆ ಕಣ್ಣಿಗೆ ಬೀಳುವಂತೆ ಹಿಂದೆ ಕುಳಿತವರ ಕಲಿಕೆಯೂ ಕುಗ್ಗುತ್ತದೆ ಎಂದು ಕೆನಡಾದ ಸಂಶೋಧಕರು 2013ರಲ್ಲಿ ತೋರಿಸಿದ್ದಾರೆ. ನನ್ನ ತರಗತಿಯಲ್ಲಿ ನಾನು ಮಾತಾಡುವಾಗ ಟ್ಯಾಬ್ಲೆಟ್‌ಗಳು ಬೋರಲು ಮಲಗಿರುತ್ತವೆ. ಲೆಕ್ಕ ಕೊಟ್ಟಾಗ ಏಳುತ್ತವೆ, ಮುಗಿದಾಗ ಮಲಗುತ್ತವೆ. ಇದನ್ನು ಮೊದಲ ದಿನವೇ ರೂಢಿ ಮಾಡಿದರೆ ಮತ್ತೆ ಹೇಳುವ ಪ್ರಸಂಗ ಬರುವುದಿಲ್ಲ.

ಕರಿಹಲಗೆಯನ್ನು ಬಿಡಬೇಕೇ ಎಂಬ ಆತಂಕ ನಿಮ್ಮ ಪತ್ರದ ಹಿಂದೆ ಇದೆ ಅನ್ನಿಸಿತು. ಖಂಡಿತ ಬಿಡಬೇಡಿ. ಉದ್ದನೆಯ ಪ್ರಮೇಯವೊಂದರ ಸಾಧನೆ ಹಲಗೆಯ ಮೇಲೆ ಇಡಿಯಾಗಿ ನಿಲ್ಲುತ್ತದೆ. ಏಳನೆಯ ಸಾಲಿನಲ್ಲಿ ಎಡವಿದವನು ಎರಡನೆಯ ಸಾಲಿಗೆ ಕಣ್ಣು ಹಾಯಿಸಬಹುದು. ಪರದೆಯಲ್ಲಿ ಎರಡನೆಯ ಸಾಲು ಮೇಲೆ ಸರಿದು ಮಾಯವಾಗಿರುತ್ತದೆ. ನಾನು ಈಗಲೂ ಸಾಧನೆಗಳನ್ನು ಹಲಗೆಯ ಮೇಲೆಯೇ ಬರೆಯುತ್ತೇನೆ. ಹಾಗೆಯೇ ನಿಮ್ಮ ಹಿರಿಯರಿಗೆ ಒಂದು ಹಳೆಯ ಸಂಗತಿಯನ್ನು ನೆನಪಿಸಿ. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಗೆ 1817ರಲ್ಲಿ ಮುಖ್ಯಸ್ಥರಾಗಿ ಬಂದ ಸಿಲ್ವೇನಸ್ ಥೇಯರ್ ಅವರ ಪದ್ಧತಿಯಲ್ಲಿ ವಿದ್ಯಾರ್ಥಿಗಳೇ ದಿನವೂ ಹಲಗೆಗಳ ಮುಂದೆ ನಿಂತು ಲೆಕ್ಕ ಬಿಡಿಸುತ್ತಿದ್ದರು, ಅಧ್ಯಾಪಕರು ನೋಡುತ್ತಿದ್ದರು. ಸೀಮೆಸುಣ್ಣ ಇದ್ದದ್ದು ಕಲಿಯುವವರ ಕೈಯಲ್ಲಿ. ಶಾಲೆಯ ಸ್ಲೇಟಿನ ಕಥೆಯೂ ಅದೇ: ಮಗು ಬರೆಯುತ್ತದೆ, ಮೇಷ್ಟರು ಬೆಂಚಿನಿಂದ ಬೆಂಚಿಗೆ ಬಗ್ಗಿ ನೋಡುತ್ತ ಹೋಗುತ್ತಾರೆ. ತರಗತಿಗಳು ದೊಡ್ಡದಾದಂತೆ ಆ ಬಗ್ಗಿ ನೋಡುವ ಕೆಲಸ ನಮ್ಮಿಂದ ಆಗದೆ ಹೋಯಿತು.

ತಯಾರಿಯ ಬಗ್ಗೆ ಎರಡು ಮಾತು. ಒಂದು ತರಗತಿಗೆ ಒಂದು ಲೆಕ್ಕ, ಹೆಚ್ಚೆಂದರೆ ಎರಡು. ಐದು ಕೊಟ್ಟರೆ ಎಲ್ಲವೂ ಅಭ್ಯಾಸ ಪುಸ್ತಕವಾಗುತ್ತವೆ. ಲೆಕ್ಕ ಆರಿಸುವಾಗ ‘ಇದನ್ನು ಎಷ್ಟು ಬೇರೆ ಬೇರೆ ರೀತಿಯಲ್ಲಿ ತಪ್ಪು ಮಾಡಬಹುದು?’ ಎಂದು ಕೇಳಿಕೊಳ್ಳಿ. ಎಲ್ಲರೂ ಸರಿ ಮಾಡುವ ಲೆಕ್ಕದಿಂದಲೂ, ಯಾರೂ ಕೈ ಹಾಕಲಾರದ ಲೆಕ್ಕದಿಂದಲೂ ನಿಮಗೆ ಏನೂ ತಿಳಿಯುವುದಿಲ್ಲ. ಹಳೆಯ ಉತ್ತರ ಪತ್ರಿಕೆಗಳಲ್ಲಿ ಇಂಥ ಲೆಕ್ಕಗಳ ಗಣಿಯೇ ಇದೆ. ಇದಕ್ಕೆಲ್ಲ ಸಮಯ ಹೋಗುತ್ತದೆ, ನಿಜ. ಪಠ್ಯಕ್ರಮದ ಎಲ್ಲ ಸಾಲುಗಳನ್ನೂ ತರಗತಿಯಲ್ಲೇ ಹೇಳಿ ಮುಗಿಸುವ ಹಟವನ್ನು ನಾನು ಬಿಟ್ಟೆ. ಓದಿಕೊಂಡು ಬರಬಹುದಾದದ್ದನ್ನು ಓದಿಕೊಂಡು ಬರಲು ಬಿಟ್ಟೆ. ಪರೀಕ್ಷೆ ಕಾಗದದ ಮೇಲೆಯೇ ನಡೆಯುವುದಾದರೆ ವಾರಕ್ಕೊಂದು ಸಲವಾದರೂ ಕಾಗದದ ಮೇಲೆ ಪೂರ್ತಿ ಉತ್ತರ ಬರೆಸಿ, ಇಲ್ಲವಾದರೆ ಅರ್ಧ ಬರೆದು ನಿಲ್ಲಿಸುವ ಅಭ್ಯಾಸ ಉಳಿದುಬಿಡುತ್ತದೆ. ವೈಫೈ ಕೈಕೊಟ್ಟ ದಿನ ಗಾಬರಿಯಾಗಬೇಡಿ, ಬೆಂಚುಗಳ ನಡುವೆ ನಡೆದು ನೋಡಿ; ಅವತ್ತಿನ ಮಟ್ಟಿಗೆ ಟ್ಯಾಬ್ಲೆಟ್ ಸ್ಲೇಟೇ.

ಮೊದಲ ವಾರ 30ನ್ನೂ ಹಂಚಬೇಡಿ. ಮೂರು ಜೋಡಿಗಳಿಗೆ ಕೊಟ್ಟು, ಉಳಿದವರು ಕಾಗದದಲ್ಲಿ ಮಾಡಲಿ. ಮೂರೇ ಪುಟಗಳನ್ನು ನೋಡುತ್ತ, ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಎಂದು ನಿಮ್ಮ ಕಣ್ಣು ಪಳಗಲಿ. ಶುರುವಿಗೆ ಬೇಕಾದರೆ ಆ 1/ಎಕ್ಸ್² ಲೆಕ್ಕವನ್ನೇ ಕೊಡಿ. ಮೂರು ನಿಮಿಷ ನೀವು ಬಾಯಿ ತೆರೆಯಬಾರದು, ಸುಳಿವು ಕೊಡಬಾರದು. ಅಧ್ಯಾಪಕರಿಗೆ ಅದು ಬಲು ಕಷ್ಟದ ಕೆಲಸ, ನನಗೆ ಈಗಲೂ ಕಷ್ಟವೇ. ಯಾರಾದರೂ ಮೈನಸ್ ಅಳಿಸುತ್ತಾರೆಯೇ, ಯಾರಾದರೂ ಸೊನ್ನೆಯ ಹತ್ತಿರ ನಿಲ್ಲುತ್ತಾರೆಯೇ ಎಂದು ನೋಡಿ, ನನಗೆ ಬರೆಯಿರಿ.